ಓಟ ತಪ್ಪಿದ ಲೇಖನದ ರಿಪೇರಿ: ಮೂರು ಭಾನುವಾರಗಳ ಟಿಪ್ಪಣಿ

ಕೈಗೆ ಬಂದದ್ದು ಎರಡು ಹಾಳೆಯ ಲೇಖನ. ಒಟ್ಟು 38 ವಾಕ್ಯ. ವಿಷಯ ಬ್ಯಾಡಗಿ ಮೆಣಸಿನಕಾಯಿ. ಬರೆದವಳು ನನ್ನ ಅಣ್ಣನ ಮಗಳು, ಹಾವೇರಿಯಲ್ಲಿ ಪಿಯುಸಿ ಎರಡನೇ ವರ್ಷ ಓದುತ್ತಿದ್ದಾಳೆ. ಕಾಲೇಜಿನ ವಾರ್ಷಿಕ ಸಂಚಿಕೆಗೆ ಕೊಟ್ಟಿದ್ದಳು. ಉಪನ್ಯಾಸಕರು ಮೇಲ್ಗಡೆ ಒಂದು ಸಾಲು ಬರೆದು ವಾಪಸ್ ಕೊಟ್ಟಿದ್ದರು: "ವಿಷಯ ಚೆನ್ನಾಗಿದೆ. ಓಟವಿಲ್ಲ. ತಿದ್ದಿ ಕೊಡು."

ಹುಡುಗಿ ಫೋನ್ ಮಾಡಿದಳು. "ಕಾಕಾ, ಓಟ ಇಲ್ಲ ಅಂದ್ರ ಏನು? ತಪ್ಪು ಎಲ್ಲೈತಿ ಅಂತ ಹೇಳಿದ್ರ ತಿದ್ದಬಹುದು. ಓಟ ಎಲ್ಲಿಂದ ತರ್ಲಿ?"

ಒಳ್ಳೆಯ ಪ್ರಶ್ನೆ. ನಾನು ಹುಬ್ಬಳ್ಳಿಯ ಒಂದು ಪ್ರೆಸ್‌ನಲ್ಲಿ ಹದಿನಾರು ವರ್ಷದಿಂದ ಕರಡು ತಿದ್ದುತ್ತಿದ್ದೇನೆ. ಸ್ಮರಣ ಸಂಚಿಕೆ, ಸಂಘದ ವರದಿ, ಜಾತ್ರೆಯ ಕರಪತ್ರ ಎಲ್ಲ ಬರುತ್ತವೆ. ಓಟವಿಲ್ಲದ ಬರಹ ದಿನಾ ಕಣ್ಣಿಗೆ ಬೀಳುತ್ತದೆ. ಆದರೆ ಅಲ್ಲಿ ಕಾಗುಣಿತ ತಿದ್ದಿ ಮುಂದೆ ಕಳಿಸುವುದಷ್ಟೇ ನನ್ನ ಕೆಲಸ. ಒಂದು ಬರಹವನ್ನು ಪೂರ್ತಿ ಬಿಚ್ಚಿ ಮತ್ತೆ ಕೂಡಿಸುವ ಅವಕಾಶ ಸಿಕ್ಕಿದ್ದು ಇದೇ ಮೊದಲು. ಅದಕ್ಕೇ ಏನೇನು ಮಾಡಿದೆವು ಅನ್ನೋದನ್ನ ಒಂದು ವಹಿಯಲ್ಲಿ ಬರೆದಿಟ್ಟುಕೊಂಡೆ.

ಮೊದಲ ಭಾನುವಾರ

ಬೆಳಗಿನ ರೈಲಿಗೆ ಹೊರಟೆ. ಯಲವಿಗಿ, ಕರಜಗಿ ದಾಟಿದರೆ ಹಾವೇರಿ. ಅಲ್ಲಿಂದ ಊರಿಗೆ ಅರ್ಧ ತಾಸು. ಜನವರಿ ಕೊನೆ, ಕಣದ ತುಂಬ ಕಾಯಿ ಹರವಿದ್ದರು. ಅವ್ವ ನೆರಳಲ್ಲಿ ಕೂತು ಮೆಣಸಿನಕಾಯಿಯ ತುಂಬು (ತೊಟ್ಟು) ಬಿಡಿಸುತ್ತಿದ್ದಳು. ಹುಡುಗಿ ಲೇಖನ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು.

ಸಲಕರಣೆ: ಲೇಖನದ ಎರಡು ಜೆರಾಕ್ಸ್ ಪ್ರತಿ, ಪೆನ್ಸಿಲ್, ನೀಲಿ ಪೆನ್ನು, ಕತ್ತರಿ. ಓದುವವಳು ಹುಡುಗಿ, ಕೇಳುವವಳು ಅವ್ವ. ಈ ಕೊನೆಯದು ಎಷ್ಟು ದೊಡ್ಡ ಸಲಕರಣೆ ಅಂತ ಆಗ ನನಗೆ ಗೊತ್ತಿರಲಿಲ್ಲ.

ಲೇಖನದ ನಡುವಿನ ಒಂದು ತುಂಡು ಹೀಗಿತ್ತು:

"ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಕಡುಗೆಂಪು. ಖಾರ ಕಡಿಮೆ. ಡಬ್ಬಿ ಮತ್ತು ಕಡ್ಡಿ ಎಂಬ ಎರಡು ಬಗೆಗಳಿವೆ. ಮೆಣಸಿನಕಾಯಿ ಭಾರತದ ಬೆಳೆಯಲ್ಲ. ಕಾಯಿಯನ್ನು ಬಿಸಿಲಿನಲ್ಲಿ ಒಣಗಿಸುತ್ತಾರೆ. ಗಿಡದಲ್ಲೇ ಕೆಂಪಾದ ಕಾಯಿಯನ್ನು ಮಾತ್ರ ಹರಿಯುತ್ತಾರೆ. ಬಿಸಿಲು ಜಾಸ್ತಿಯಾದರೆ ಬಣ್ಣ ಮಾಸುತ್ತದೆ. ಬ್ಯಾಡಗಿಯ ಸುತ್ತ ಕೋಲ್ಡ್ ಸ್ಟೋರೇಜ್‌ಗಳಿವೆ. ಇದನ್ನು ಲಿಪ್‌ಸ್ಟಿಕ್‌ಗೆ ಬಳಸುತ್ತಾರೆ."

ಒಂದೊಂದು ವಾಕ್ಯವೂ ಸರಿ. ಒಂದೂ ಸುಳ್ಳಲ್ಲ. ಆದರೂ ಓದುವಾಗ ಪ್ರತಿ ಪೂರ್ಣವಿರಾಮದಲ್ಲಿ ನಿಂತು, ಮತ್ತೆ ಹೊಸದಾಗಿ ಹೊರಡಬೇಕು. ರೋಗ ಇದು.

ನಾನು ಬರುವ ಮುಂಚೆಯೇ ಆಕೆ ಒಂದು ಸುತ್ತು ರಿಪೇರಿ ಮಾಡಿದ್ದಳು. ಇಂಗ್ಲಿಷ್ ಪಾಠದಲ್ಲಿ ವಾಕ್ಯ ಜೋಡಿಸುವ ಪದಗಳ ಪಟ್ಟಿ ಕೊಟ್ಟಿದ್ದರಂತೆ. ಅದನ್ನ ಕನ್ನಡಕ್ಕೆ ಇಳಿಸಿಕೊಂಡು, ಸಂದು ಕಂಡಲ್ಲೆಲ್ಲ ಒಂದೊಂದು ಕೊಂಡಿ ಪದ ಸಿಕ್ಕಿಸಿದ್ದಳು. ಎಣಿಸಿದೆ. ಆದ್ದರಿಂದ 8, ಮತ್ತು 7, ಅಲ್ಲದೆ 6, ನಂತರ 5, ಹಾಗೂ 3, ಆದರೆ 2. ಒಟ್ಟು 31.

"ಓದು," ಅಂದೆ. ಓದಿದಳು.

"ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಕಡುಗೆಂಪು. ಆದ್ದರಿಂದ ಖಾರ ಕಡಿಮೆ."

ಅವ್ವ ತಲೆ ಎತ್ತಿದಳು. "ಏನಂದಿ? ಬಣ್ಣ ಜಾಸ್ತಿ ಐತಿ ಅಂತ ಖಾರ ಕಡಿಮಿ ಆಗತೈತೇನ? ಗುಂಟೂರ ಕಾಯಿ ಕೆಂಪಿಲ್ಲೇನ? ತಿಂದು ನೋಡು, ಗೊತ್ತಾಗತೈತಿ."

ಈ ರಿಪೇರಿಯಲ್ಲಿ ನಾನು ಕಲಿತ ಮೊದಲ ದೊಡ್ಡ ಪಾಠ ಇದು. ಅದಕ್ಕೇ ಸ್ವಲ್ಪ ನಿಧಾನವಾಗಿ ಬರೆಯುತ್ತೇನೆ. ಮೊದಲ ಪ್ರತಿಯಲ್ಲಿ ಎರಡು ನಿಜಗಳು ಅಕ್ಕಪಕ್ಕ ಕೂತಿದ್ದವು: ಬಣ್ಣ ಕಡುಗೆಂಪು, ಖಾರ ಕಡಿಮೆ. ನಡುವೆ "ಆದ್ದರಿಂದ" ಬಂದ ಕೂಡಲೇ ಮೂರನೆಯದೊಂದು ಮಾತು ಹುಟ್ಟಿಕೊಂಡಿತು: ಬಣ್ಣವೇ ಖಾರ ಕಡಿಮೆಯಾಗಲು ಕಾರಣ. ಅದು ಸುಳ್ಳು. ಕೆಂಪು ಬಣ್ಣ ಕೊಡುವುದು ಮುಖ್ಯವಾಗಿ ಕ್ಯಾಪ್ಸಾಂಥಿನ್ ಅನ್ನೋ ವಸ್ತು. ಅದು ಕಾಯಿಯ ಸಿಪ್ಪೆ, ತಿರುಳಿನಲ್ಲಿರುತ್ತದೆ. ಖಾರ ಕೊಡುವುದು ಕ್ಯಾಪ್ಸೈಸಿನ್. ಅದು ಜಾಸ್ತಿ ಇರುವುದು ಒಳಗೆ ಬೀಜ ಅಂಟಿಕೊಂಡಿರುವ ಬಿಳಿ ಎಳೆಯಲ್ಲಿ. ಅಳೆಯುವ ಲೆಕ್ಕವೂ ಬೇರೆ ಬೇರೆ: ಬಣ್ಣಕ್ಕೆ ಆಸ್ಟಾ, ಖಾರಕ್ಕೆ ಸ್ಕೋವಿಲ್. ಒಂದು ಏರಿದರೆ ಇನ್ನೊಂದು ಇಳಿಯಬೇಕು ಅಂತೇನಿಲ್ಲ. ಬ್ಯಾಡಗಿ ಕಾಯಿಯ ವಿಶೇಷ ಇರುವುದೇ ಇಲ್ಲಿ. ಇಷ್ಟು ಕೆಂಪಿದ್ದೂ ನಾಲಿಗೆ ಸುಡುವುದಿಲ್ಲ. ಕೊಂಡಿ ಪದ ಆ ವಿಶೇಷವನ್ನೇ ಮುಚ್ಚಿಹಾಕಿತ್ತು.

ಅಂದರೆ ಕೊಂಡಿ ಪದ ಸಂಬಂಧ ಹುಟ್ಟಿಸುವುದಿಲ್ಲ. ಇರುವ ಸಂಬಂಧಕ್ಕೆ ಹೆಸರು ಹೇಳುತ್ತದೆ, ಅಷ್ಟೇ. ಹೆಸರು ತಪ್ಪಾದರೆ ವಿಷಯವೇ ತಪ್ಪಾಗುತ್ತದೆ. ಕಾಗುಣಿತ ತಪ್ಪಿದರೆ ಓದುಗ ಸರಿ ಮಾಡಿಕೊಂಡು ಓದುತ್ತಾನೆ. "ಆದ್ದರಿಂದ" ತಪ್ಪಿದರೆ ನಂಬಿಬಿಡುತ್ತಾನೆ.

ಮುಂದೆ ಓದಿದಂತೆ ಇಂಥವೇ ಸಿಕ್ಕವು. "ಕಾಯಿಯನ್ನು ಬಿಸಿಲಿನಲ್ಲಿ ಒಣಗಿಸುತ್ತಾರೆ. ನಂತರ ಗಿಡದಲ್ಲೇ ಕೆಂಪಾದ ಕಾಯಿಯನ್ನು ಮಾತ್ರ ಹರಿಯುತ್ತಾರೆ." ಒಣಗಿಸಿದ ಮೇಲೆ ಹರಿಯುವುದೇ? ಅವ್ವ ನಕ್ಕೇಬಿಟ್ಟಳು. ಆದರೆ ಇಲ್ಲಿ "ನಂತರ" ಒಂದು ಉಪಕಾರವನ್ನೂ ಮಾಡಿತು. ವಾಕ್ಯಗಳ ಅನುಕ್ರಮ ಮೊದಲಿನಿಂದಲೂ ತಪ್ಪಿತ್ತು. ಸುಮ್ನೆ ಅಕ್ಕಪಕ್ಕ ಇದ್ದಾಗ ಯಾರಿಗೂ ಕಂಡಿರಲಿಲ್ಲ. "ನಂತರ" ಇಟ್ಟ ಮೇಲೆ ಎದ್ದು ಕಂಡಿತು.

ಇನ್ನೊಂದು, ಲೇಖನದ ಮೊದಲ ಸಾಲಲ್ಲೇ ಇತ್ತು. "ಶತಮಾನಗಳಿಂದಲೂ ಹಾವೇರಿ ಜಿಲ್ಲೆಯ ಹೆಮ್ಮೆ." ಹಾವೇರಿ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕೂ ಮುಂಚೆ ಇದು ಧಾರವಾಡ ಜಿಲ್ಲೆ. ಕಾಲ ಜೋಡಿಸುವ ಪದಕ್ಕೂ ಹೊಣೆ ಇದೆ. "ಜಿಲ್ಲೆ" ತೆಗೆದು "ಸೀಮೆ" ಮಾಡಿ, ಶತಮಾನಗಳನ್ನು ಬಿಟ್ಟೆವು.

ಸಂಜೆಯೊಳಗೆ ಒಂದು ತೀರ್ಮಾನಕ್ಕೆ ಬಂದೆವು. 31 ಕೊಂಡಿಯನ್ನೂ ಕಿತ್ತು ಹಾಕುವುದು. ಹುಡುಗಿಗೆ ಬೇಜಾರಾಯಿತು. ಎರಡು ದಿನ ಕೂತು ಹಾಕಿದ್ದಳು, ಅಲ್ವಾ. "ಬ್ಯಾಡಂತಲ್ಲ ಯವ್ವಾ, ಎಲ್ಲಿ ಯಾವುದು ಬೇಕು ಅಂತ ಗೊತ್ತಾದ ಮ್ಯಾಲೆ ಹಾಕೂಣು," ಅಂದೆ.

ಕಿತ್ತ ಮೇಲೆ ಲೇಖನವನ್ನು ಅವ್ವನ ಮುಂದೆ ನಿಧಾನವಾಗಿ ಓದಿಸಿದೆ. ಒಂದು ವಾಕ್ಯ, ಒಂದು ಗಳಿಗೆ ಸುಮ್ಮನೆ, ಮತ್ತೆ ಇನ್ನೊಂದು ವಾಕ್ಯ. ಅವ್ವನಿಗೆ ಹೇಳಿದ್ದು ಇಷ್ಟೇ: ಕತೆ ಕೇಳುವಾಗ ಹೂಂಗುಟ್ಟುತ್ತೀಯಲ್ಲ, ಹಾಗೇ ಕೇಳು. ಏನು ಅನಿಸುತ್ತದೋ ಅದನ್ನ ಬಾಯಿಬಿಟ್ಟು ಹೇಳು. ನಾನು ಪ್ರತಿ ಸಂದಿನಲ್ಲೂ ಆಕೆ ಅಂದಿದ್ದನ್ನು ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದುಕೊಂಡೆ.

38 ವಾಕ್ಯಕ್ಕೆ 37 ಸಂದು. ಲೆಕ್ಕ ಹೀಗೆ ಬಂತು: "ಹೂಂ" 12 ಕಡೆ. "ಯಾಕ?" 8 ಕಡೆ. "ಆಮ್ಯಾಲೆ?" 7 ಕಡೆ. "ಅದಕ್ಕ?" 4 ಕಡೆ. ಇನ್ನು 6 ಕಡೆ ಏನೂ ಅನ್ನದೆ ಮೊಮ್ಮಗಳ ಮುಖ ನೋಡಿದಳು. ಅದರಲ್ಲಿ ಒಂದು ಕಡೆಯಂತೂ, ಸ್ವಲ್ಪ ಹೊತ್ತು ನೋಡಿ, "ಎಲ್ಲಿಗೆ ಹೋದಿ?" ಅಂದಳು. ಅದು ಮೆಣಸಿನಕಾಯಿಯನ್ನು ಭಾರತಕ್ಕೆ ತಂದ ಪೋರ್ಚುಗೀಸರ ವಾಕ್ಯ.

ರಾತ್ರಿ ರೈಲಿನಲ್ಲಿ ಆ ಹಾಳೆ ನೋಡುತ್ತ ಕೂತೆ. ಪೂರ್ತಿ ನಕ್ಷೆ ಅಲ್ಲೇ ಇತ್ತು. ಎಲ್ಲಿ "ಹೂಂ" ಇದೆಯೋ ಅಲ್ಲಿ ಕೊಂಡಿಯೇ ಬೇಡ, ವಾಕ್ಯಗಳು ತಾವೇ ಹಿಡಿದುಕೊಂಡಿವೆ. "ಯಾಕ" ಇದ್ದಲ್ಲಿ ಕಾರಣದ ಕೊಂಡಿ. "ಆಮ್ಯಾಲೆ" ಇದ್ದಲ್ಲಿ ಕಾಲದ ಕೊಂಡಿ. "ಅದಕ್ಕ" ಇದ್ದಲ್ಲಿ ಪರಿಣಾಮ ಹೇಳಿಲ್ಲ. ಸುಮ್ಮನಾದಲ್ಲಿ ದೊಡ್ಡ ತೊಂದರೆ.

ಎರಡನೇ ಭಾನುವಾರ

ಜೆರಾಕ್ಸ್ ಪ್ರತಿಯನ್ನು ಕತ್ತರಿಸಿ 38 ಪಟ್ಟಿ ಮಾಡಿದೆವು. ಪಡಸಾಲೆಯಲ್ಲಿ ಚಾಪೆ ಹಾಸಿ ಪಟ್ಟಿ ಹರಡಿದೆವು. ಫ್ಯಾನ್ ಹಾಕುವಂತಿರಲಿಲ್ಲ, ಪಟ್ಟಿ ಹಾರುತ್ತವೆ. ಒಂದೊಂದರ ಮೇಲೂ ಚೌಕಾಬಾರದ ಹುಣಸೆ ಬೀಜ ಇಟ್ಟೆವು.

ಮೊದಲ ತಾಸಿನಲ್ಲಿ ಒಂದೂ ಪದ ಬರೆಯಲಿಲ್ಲ. ಬರೀ ಪಟ್ಟಿ ಸರಿಸಿದೆವು. ಯಾವ ವಾಕ್ಯಕ್ಕೆ ಯಾವುದರ ಪಕ್ಕ ಕೆಲಸವಿದೆ? ಹರಿಯುವುದು, ಒಣಗಿಸುವುದು, ಮಾರುವುದು ಒಂದು ಕಡೆ. ಬಣ್ಣದ ಮಾತೆಲ್ಲ ಒಂದು ಕಡೆ. ಹೆಸರು, ಇತಿಹಾಸ ಇನ್ನೊಂದು ಕಡೆ. ಸರಿಯಾದ ವಾಕ್ಯ ಪಕ್ಕ ಬಂದು ಕೂತ ಕೂಡಲೇ ಎಷ್ಟೋ ಸಂದುಗಳು ತಾವೇ ಮುಚ್ಚಿಕೊಂಡವು. "ಯಾಕ?" ಅಂದ 8 ಕಡೆಗಳಲ್ಲಿ 3 ಕಡೆ ಉತ್ತರ ಲೇಖನದಲ್ಲೇ ಇತ್ತು, ಎಲ್ಲೋ ಹತ್ತು ವಾಕ್ಯ ಕೆಳಗೆ. ತಂದು ಪಕ್ಕದಲ್ಲಿಟ್ಟೆವು, ಮುಗಿಯಿತು. ನಾನು ಯಾರಿಗಾದರೂ ಒಂದೇ ಮಾತು ಹೇಳಬೇಕಾಗಿ ಬಂದರೆ ಇದನ್ನೇ ಹೇಳುತ್ತೇನೆ: ಕೊಂಡಿ ಹುಡುಕುವ ಮುಂಚೆ ವಾಕ್ಯದ ಜಾಗ ನೋಡಿ.

ಆಮೇಲೆ ಪದಕ್ಕೆ ಕೈ ಹಚ್ಚಿದೆವು. ಮೊದಲು "ಆಮ್ಯಾಲೆ" ಗುಂಪು. ಮೂಲ ಹೀಗಿತ್ತು:

"ರೈತರು ಹಣ್ಣಾದ ಕಾಯಿಯನ್ನು ಹರಿಯುತ್ತಾರೆ. ಕಣಕ್ಕೆ ತರುತ್ತಾರೆ. ಬಿಸಿಲಿಗೆ ಹರವುತ್ತಾರೆ. ಸಂಜೆ ರಾಶಿ ಮಾಡುತ್ತಾರೆ. ತಾಡಪತ್ರಿ ಮುಚ್ಚುತ್ತಾರೆ. ಬೆಳಗ್ಗೆ ಮತ್ತೆ ಹರವುತ್ತಾರೆ."

ಆಕೆಯ ರಿಪೇರಿಯಲ್ಲಿ ಇದು "ಹರಿಯುತ್ತಾರೆ ಮತ್ತು ಕಣಕ್ಕೆ ತರುತ್ತಾರೆ. ನಂತರ ಹರವುತ್ತಾರೆ ಮತ್ತು ಸಂಜೆ ರಾಶಿ ಮಾಡುತ್ತಾರೆ" ಅಂತ ಆಗಿತ್ತು. ನಾನು ಕೇಳಿದೆ: "ನಿಮ್ಮವ್ವಗ ಹೇಳುವಾಗ ಹಿಂಗ ಹೇಳ್ತಿ ಏನು? ನಾ ಕಾಲೇಜಿನಿಂದ ಬಂದೆ ಮತ್ತು ಊಟ ಮಾಡಿದೆ ಮತ್ತು ಮಲಗಿದೆ?"

"ಇಲ್ಲ ಕಾಕಾ. ಬಂದು, ಉಂಡು, ಮಲಗಿದೆ."

ಅಷ್ಟೇ. ಇಂಗ್ಲಿಷಿನಲ್ಲಿ ಎರಡು ಪೂರ್ತಿ ವಾಕ್ಯಗಳ ನಡುವೆ ಒಂದು ಪದ ಇಟ್ಟು ಜೋಡಿಸುತ್ತಾರೆ. ಕನ್ನಡದಲ್ಲಿ ಆ ಕೆಲಸ ಬಹಳಷ್ಟು ಸಲ ಕ್ರಿಯಾಪದದ ಬಾಲದಲ್ಲೇ ಆಗಿಹೋಗುತ್ತದೆ. ಬಂದು, ಬರುತ್ತ, ಬರದೆ, ಬಂದರೆ, ಬಂದರೂ, ಬರಲು, ಬಂದ ಮೇಲೆ, ಬರುತ್ತಲೇ, ಬಂದ ಕೂಡಲೇ. ಶಾಲೆಯ ವ್ಯಾಕರಣದಲ್ಲಿ ಇವುಗಳಲ್ಲಿ ಕೆಲವನ್ನು ಕೃದಂತಾವ್ಯಯ ಅಂತ ಓದಿರುತ್ತೇವೆ, ಐದು ಅಂಕಕ್ಕೆ ಉದಾಹರಣೆ ಬರೆದು ಮರೆತಿರುತ್ತೇವೆ. ಆದರೆ, ಆದ್ದರಿಂದ, ಅಲ್ಲದೆ, ಮತ್ತು ಇವನ್ನು ಸಂಬಂಧಾರ್ಥಕ ಅವ್ಯಯ ಅಂತ ಬೇರೆ ಪಾಠದಲ್ಲಿ ಓದುತ್ತೇವೆ. ಎರಡೂ ಮಾಡುವುದು ಒಂದೇ ಕೆಲಸ, ಬರೆಯುವಾಗ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟುಕೊಳ್ಳಬೇಕು ಅಂತ ಮಾತ್ರ ಯಾರೂ ಹೇಳಿರುವುದಿಲ್ಲ.

ಹುಡುಗಿಗೆ ಹುರುಪು ಬಂತು. ಆರೂ ವಾಕ್ಯಗಳನ್ನು ಒಂದೇ ದಾರದಲ್ಲಿ ಪೋಣಿಸಿದಳು: "ಹರಿದು, ಕಣಕ್ಕೆ ತಂದು, ಬಿಸಿಲಿಗೆ ಹರವಿ, ಸಂಜೆ ರಾಶಿ ಮಾಡಿ, ತಾಡಪತ್ರಿ ಮುಚ್ಚಿ, ಬೆಳಗ್ಗೆ ಮತ್ತೆ ಹರವುತ್ತಾರೆ." ಜೋರಾಗಿ ಓದಿಸಿದೆ. "ರಾಶಿ ಮಾಡಿ" ಹತ್ತಿರ ಉಸಿರು ಹೋಯಿತು. ಎರಡು, ಮೂರು ಕ್ರಿಯೆಯ ತನಕ ಈ ದಾರ ಚೆಂದ. ಅದಕ್ಕಿಂತ ಜಾಸ್ತಿಯಾದರೆ ಯಾವುದು ಮುಖ್ಯ ಅನ್ನೋದೇ ತಿಳಿಯುವುದಿಲ್ಲ. ಕೊನೆಗೆ ನಿಂತದ್ದು ಇದು:

"ಹಣ್ಣಾದ ಕಾಯಿಯನ್ನು ಹರಿದು ತಂದು ಕಣದಲ್ಲಿ ಹರವುತ್ತಾರೆ. ಸಂಜೆಯಾಗುತ್ತಲೇ ರಾಶಿ ಮಾಡಿ ತಾಡಪತ್ರಿ ಹೊದಿಸುತ್ತಾರೆ. ಇಲ್ಲವಾದರೆ ಇಬ್ಬನಿಗೆ ಕಾಯಿ ಮೆತ್ತಗಾಗುತ್ತದೆ. ಬೆಳಗ್ಗೆ ಬಿಸಿಲೇರಿದ ಮೇಲೆ ಮತ್ತೆ ಹರವುತ್ತಾರೆ."

"ಇಲ್ಲವಾದರೆ" ವಾಕ್ಯ ಅವ್ವ ಕೊಟ್ಟದ್ದು. ತಾಡಪತ್ರಿ ಯಾಕೆ ಅನ್ನೋದನ್ನ ಹುಡುಗಿ ಬರೆದೇ ಇರಲಿಲ್ಲ, ಆಕೆಗೆ ಅದು ಹೇಳಬೇಕಾದ ವಿಷಯ ಅನಿಸಿರಲಿಲ್ಲ.

ಇದೇ ಹುರುಪಿನಲ್ಲಿ ಇನ್ನೊಂದು ತಪ್ಪು ಆಯಿತು. "ರೈತರು ಕಾಯಿ ಒಣಗಿಸಿ ವ್ಯಾಪಾರಿಗಳು ಕೊಳ್ಳುತ್ತಾರೆ" ಅಂತ ಬರೆದಳು. "ಒಣಗಿಸಿ" ಅಂದ ಮೇಲೆ ಮುಂದಿನ ಕೆಲಸವನ್ನೂ ಅವರೇ ಮಾಡಬೇಕು. ಇಲ್ಲಿ ಒಣಗಿಸುವವರು ಒಬ್ಬರು, ಕೊಳ್ಳುವವರು ಇನ್ನೊಬ್ಬರು. ("ಮಳೆ ಬಂದು ಕಾಯಿ ಹಾಳಾಯಿತು" ಅನ್ನುತ್ತೇವಲ್ಲ ಅಂತ ಆಕೆ ಕೇಳಿದಳು. ಹೌದು, ಅನ್ನುತ್ತೇವೆ. ಅಲ್ಲಿ ಒಂದು ಘಟನೆಯಿಂದಲೇ ಇನ್ನೊಂದು ಆಗಿದೆ, ಯಾರೂ ಬೇಕೆಂದು ಮಾಡಿದ್ದಲ್ಲ. ಅಂಥ ಕಡೆ ನಡೆಯುತ್ತದೆ.) ಇಬ್ಬರು ಕರ್ತೃ ಇದ್ದಾಗ ಬೇರೆ ಕೊಂಡಿ ಬೇಕು: "ರೈತರು ಒಣಗಿಸಿ ತಂದ ಕಾಯಿಯನ್ನು ವ್ಯಾಪಾರಿಗಳು ಕೊಳ್ಳುತ್ತಾರೆ." ಆ "ತಂದ" ಎರಡು ವಾಕ್ಯವನ್ನು ಒಂದು ಮಾಡಿತು. ಈ ರಿಪೇರಿಯಲ್ಲಿ ನನಗೆ ಬಹಳ ಇಷ್ಟವಾದ ಕೊಂಡಿ ಇದೇ. ಇಂಥ 4 ಕಡೆ ಬಳಸಿದೆವು, ಒಂದೂ ಕಣ್ಣಿಗೆ ಕುಕ್ಕುವುದಿಲ್ಲ.

ಇನ್ನು "ಯಾಕ" ಗುಂಪು. ಪಟ್ಟಿ ಸರಿಸಿದ ಮೇಲೆ 5 ಉಳಿದಿದ್ದವು. ಕಾರಣ ಹೇಳಲು ಕನ್ನಡದಲ್ಲಿ ಮೂರು ದಾರಿ ಪರೀಕ್ಷೆ ಮಾಡಿದೆವು. ಒಂದೇ ವಿಷಯವನ್ನು ಮೂರು ಸಲ ಬರೆದು ನೋಡಿದೆವು:

"ತೇವ ಉಳಿದರೆ ಬೂಸ್ಟು ಹಿಡಿಯುವುದರಿಂದ ಕಾಯಿಯನ್ನು ಚೆನ್ನಾಗಿ ಒಣಗಿಸುತ್ತಾರೆ."

"ಕಾಯಿಯನ್ನು ಚೆನ್ನಾಗಿ ಒಣಗಿಸುತ್ತಾರೆ, ಏಕೆಂದರೆ ತೇವ ಉಳಿದರೆ ಬೂಸ್ಟು ಹಿಡಿಯುತ್ತದೆ."

"ತೇವ ಉಳಿದರೆ ಬೂಸ್ಟು ಹಿಡಿಯುತ್ತದೆ. ಅದಕ್ಕೇ ಕಾಯಿಯನ್ನು ಚೆನ್ನಾಗಿ ಒಣಗಿಸುತ್ತಾರೆ."

ಮೂರೂ ತಪ್ಪಲ್ಲ. ಆದರೆ ಓಟ ಬೇರೆ ಬೇರೆ. ಮೊದಲನೆಯದು ಕಾರಣವನ್ನು ಮಡಚಿ ಒಳಗಿಡುತ್ತದೆ. ಕಾರಣ ಸಣ್ಣದು, ಎಲ್ಲರಿಗೂ ಗೊತ್ತಿರುವಂಥದ್ದು ಆದಾಗ ಇದು ಸರಿ. ಮೂರನೆಯದರಲ್ಲಿ ಕಾರಣ ಮೊದಲು ಪೂರ್ತಿಯಾಗಿ ನಿಂತು, ಆಮೇಲೆ ಕೆಲಸ ಬರುತ್ತದೆ. ನಾವು ಮಾತಾಡುವುದೇ ಹೀಗೆ. "ಏಕೆಂದರೆ" ಇರುವ ಎರಡನೆಯದನ್ನು ಸುಮ್ಮಸುಮ್ಮನೆ ಬಳಸಿದರೆ ಇಂಗ್ಲಿಷ್ ವಾಸನೆ ಬರುತ್ತದೆ. ಆದರೂ ಅದಕ್ಕೆ ತನ್ನದೇ ಜಾಗ ಇದೆ. ಓದುಗ ಒಪ್ಪದಂಥ ಮಾತೊಂದನ್ನು ಮೊದಲು ಮುಂದಿಟ್ಟು, ಅವನ ಬಾಯಲ್ಲಿ "ಯಾಕೆ?" ಬರಿಸಿ, ಆಮೇಲೆ ಉತ್ತರ ಕೊಡಬೇಕಾದಾಗ "ಏಕೆಂದರೆ" ಬೇಕೇ ಬೇಕು. ನಮ್ಮ ಲೇಖನದಲ್ಲಿ ಅಂಥ ಜಾಗ ಒಂದೇ ಇತ್ತು: "ಒಣಗಿಸಲು ಬಿಸಿಲು ಬೇಕು. ಆದರೆ ಅದೇ ಬಿಸಿಲಿಗೆ ರೈತ ಹೆದರುತ್ತಾನೆ. ಏಕೆಂದರೆ ಬಿಸಿಲು ಮಿತಿ ಮೀರಿದರೆ ಬಣ್ಣ ಮಾಸುತ್ತದೆ." ಅದನ್ನ ಅಲ್ಲೇ ಉಳಿಸಿದೆವು.

ಬಣ್ಣ, ಖಾರದ ಆ ಮೊದಲ ಜೋಡಿಗೆ ಏನು ಹಾಕಬೇಕು? ಹುಡುಗಿ "ಆದರೆ" ಅಂದಳು. ಸರಿಯೇ. ಆದರೂ ಬಾಯಲ್ಲಿ ಹೇಳಿ ನೋಡಿದಾಗ ಅವ್ವ ಬೇರೆ ರೀತಿ ಹೇಳಿದಳು: "ಬಣ್ಣ ಕಡುಗೆಂಪು, ಖಾರ ಮಾತ್ರ ಕಡಿಮಿ." ಒಂದು "ಮಾತ್ರ" ಸಾಕಾಯಿತು. ವಾಕ್ಯ ಒಡೆಯಲೂ ಇಲ್ಲ. ಇಂಥ ಸಣ್ಣ ಕೊಂಡಿಗಳನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. "ಡಬ್ಬಿಯೂ ಕಡ್ಡಿಯೂ" ಅನ್ನುವಾಗಿನ ಊ. "ಬಿಸಿಲೇ ಬೇಕು" ಅನ್ನುವಾಗಿನ ಏ. "ಕಡ್ಡಿಯಂತೂ" ಅನ್ನುವಾಗಿನ ಅಂತೂ. ಒಂದಕ್ಷರ, ಎರಡಕ್ಷರದಲ್ಲಿ ಹಿಂದಿನ ವಾಕ್ಯವನ್ನು ಹಿಡಿದುಕೊಂಡು ಬರುತ್ತವೆ.

"ಅದಕ್ಕ?" ಗುಂಪು ಬೇಗ ಮುಗಿಯಿತು. ಡಬ್ಬಿ, ಕಡ್ಡಿ ಎಂದು ಎರಡು ಬಗೆ ಇವೆ ಅಂತಷ್ಟೇ ಬರೆದಿದ್ದಳು. ಏನೀಗ ಅಂತ ಅವ್ವ ಕೇಳಿದ್ದು ಸರಿ. ಡಬ್ಬಿ ಗಿಡ್ಡ, ದಪ್ಪ, ಬೀಜ ಜಾಸ್ತಿ. ಕಡ್ಡಿ ಉದ್ದ, ತೆಳ್ಳಗೆ, ಮೈತುಂಬ ಸುಕ್ಕು, ಬೀಜ ಕಡಿಮೆ. ಇಷ್ಟು ಸೇರಿಸಿದ ಮೇಲೆ ಪ್ರಶ್ನೆ ನಿಂತಿತು.

ಮೂರನೇ ಭಾನುವಾರ

ಉಳಿದದ್ದು ಅವ್ವ ಸುಮ್ಮನಾದ 6 ಸಂದು. ಇಲ್ಲಿ ಯಾವ ಕೊಂಡಿ ಇಟ್ಟರೂ ಕೂರುತ್ತಿರಲಿಲ್ಲ. ವಾರವಿಡೀ ನಾನು ಇದನ್ನೇ ಯೋಚಿಸಿದ್ದೆ. ಪ್ರೆಸ್‌ನಲ್ಲಿ ಯಾವುದೋ ಸಂಘದ ವರದಿ ತಿದ್ದುತ್ತಿದ್ದಾಗ ಹೊಳೆಯಿತು: ಕೊಂಡಿ ಕೂರದಿದ್ದರೆ ನಡುವೆ ಒಂದು ವಾಕ್ಯವೇ ಕಳೆದುಹೋಗಿದೆ ಅಂತ ಅರ್ಥ.

"ಬಿಸಿಲು ಜಾಸ್ತಿಯಾದರೆ ಬಣ್ಣ ಮಾಸುತ್ತದೆ. ಬ್ಯಾಡಗಿಯ ಸುತ್ತ ಕೋಲ್ಡ್ ಸ್ಟೋರೇಜ್‌ಗಳಿವೆ." ಇವೆರಡರ ನಡುವೆ "ಆದ್ದರಿಂದ" ಹಾಕಿದರೆ ಅರ್ಧ ಸರಿ, ಅರ್ಧ ತಪ್ಪು. ಕಣದ ಬಿಸಿಲಿಗೂ ಕೋಲ್ಡ್ ಸ್ಟೋರೇಜಿಗೂ ನೇರ ಸಂಬಂಧವಿಲ್ಲ. ಕಳೆದುಹೋದ ವಾಕ್ಯ ಇದು: "ಒಣಗಿದ ಮೇಲೂ ಬೆಳಕು, ಶಾಖ ತಗುಲುತ್ತಿದ್ದರೆ ಬಣ್ಣ ಇಳಿಯುತ್ತಲೇ ಹೋಗುತ್ತದೆ." ಇದನ್ನು ನಡುವೆ ಇಟ್ಟ ಮೇಲೆ "ಅದಕ್ಕೇ ಬ್ಯಾಡಗಿಯ ಸುತ್ತ ಕೋಲ್ಡ್ ಸ್ಟೋರೇಜ್‌ಗಳಿವೆ" ಅನ್ನೋದು ತಾನಾಗಿ ಬಂದು ಕೂತಿತು.

ಲಿಪ್‌ಸ್ಟಿಕ್ ವಾಕ್ಯದಲ್ಲೂ ಇದೇ ಕತೆ, ಜೊತೆಗೆ ಒಂದು "ಇದನ್ನು". "ಇದನ್ನು ಲಿಪ್‌ಸ್ಟಿಕ್‌ಗೆ ಬಳಸುತ್ತಾರೆ" ಅಂದರೆ ಯಾವುದನ್ನು? ಹಿಂದಿನ ವಾಕ್ಯ ಕೋಲ್ಡ್ ಸ್ಟೋರೇಜಿನದು. ಇದು, ಅದು, ಇದರಿಂದ, ಹೀಗೆ ಇವೆಲ್ಲ ಹಿಂದಕ್ಕೆ ಬೆರಳು ತೋರಿಸುವ ಪದಗಳು. ಬೆರಳು ತೋರಿಸಿದ ಕಡೆ ಒಂದೇ ವಸ್ತು ಇದ್ದರೆ ಸರಿ. ಎರಡಿದ್ದರೆ ಓದುಗ ನಿಂತುಬಿಡುತ್ತಾನೆ. ಲೇಖನದಲ್ಲಿ ಒಟ್ಟು 14 "ಇದು", "ಇದರ", "ಇದನ್ನು" ಇದ್ದವು. ಒಂದೊಂದರ ಕೆಳಗೂ ನೀಲಿ ಗೆರೆ ಹಾಕಿ, ಅದು ತೋರಿಸುವ ಪದಕ್ಕೆ ಬಾಣ ಎಳೆಯಲು ಹೇಳಿದೆ. 5 ಬಾಣಗಳು ಎಲ್ಲಿಗೆ ಹೋಗಬೇಕು ಅಂತ ಬರೆದವಳಿಗೇ ತಿಳಿಯಲಿಲ್ಲ. ಅಲ್ಲೆಲ್ಲ "ಈ" ಇಟ್ಟು ಪಕ್ಕದಲ್ಲಿ ವಸ್ತುವಿನ ಹೆಸರನ್ನೇ ಬರೆದೆವು: ಈ ಬಣ್ಣ, ಈ ಕಾಯಿ, ಈ ಹೆಸರು. ಒಂದೇ ಪದ ಮತ್ತೆ ಬಂದರೆ ಚೆನ್ನಾಗಿರಲ್ಲ ಅಂತ ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರೆ. ಆ ಹೆದರಿಕೆ ಬೇಡ. ಸರಿಯಾದ ಜಾಗದಲ್ಲಿ ಮತ್ತೆ ಬಂದ ಪದ ಒಳ್ಳೆಯ ಕೊಂಡಿ.

ಹೀಗಾಗಿ ಲಿಪ್‌ಸ್ಟಿಕ್ ವಾಕ್ಯ ಹೊಸದಾಯಿತು: "ಕಾಯಿಯಿಂದ ಕೆಂಪು ಎಣ್ಣೆಯನ್ನೂ ತೆಗೆಯುತ್ತಾರೆ. ಓಲಿಯೋರೆಸಿನ್ ಎಂಬ ಈ ಎಣ್ಣೆಯ ಬಣ್ಣ ಅಡುಗೆ ಪದಾರ್ಥಕ್ಕೆ ಮಾತ್ರವಲ್ಲ, ಲಿಪ್‌ಸ್ಟಿಕ್‌ಗೂ ಉಗುರುಬಣ್ಣಕ್ಕೂ ಹೋಗುತ್ತದೆ." ಅವ್ವ ಕೈಯಲ್ಲಿದ್ದ ಕಾಯಿಯನ್ನು ಒಂದು ಸಲ ತಿರುಗಿಸಿ ನೋಡಿದಳು. "ಹೂಂ" ಅಂದಳು.

ಬಹಳ ಹೊತ್ತು ಹಿಡಿದಿದ್ದು ಪೋರ್ಚುಗೀಸರ ವಾಕ್ಯ. ಮೆಣಸಿನಕಾಯಿ ಮೂಲತಃ ಅಮೆರಿಕ ಖಂಡದ್ದು. ಪೋರ್ಚುಗೀಸರ ಮೂಲಕ 16ನೇ ಶತಮಾನದಲ್ಲಿ ಭಾರತಕ್ಕೆ ಬಂತು. ಈ ಮಾತು ಬಿಡಲು ಹುಡುಗಿಗೆ ಮನಸ್ಸಿಲ್ಲ. ನನಗೂ ಇರಲಿಲ್ಲ. ಆದರೆ ಬಣ್ಣ, ಕಣ, ಕೋಲ್ಡ್ ಸ್ಟೋರೇಜ್ ಯಾವುದರ ಪಕ್ಕದಲ್ಲಿಟ್ಟರೂ ಅದು ಬಂದ ನೆಂಟನ ಹಾಗೆ ನಿಲ್ಲುತ್ತಿತ್ತು. "ಅಂದಹಾಗೆ" ಹಾಕಿ ನೋಡಿದೆವು. ಸುಳ್ಳು ಅನಿಸಿತು, ಅದು ಅಂದಹಾಗೆ ಹೇಳುವ ವಿಷಯವಲ್ಲ. "ಇಷ್ಟಕ್ಕೂ" ಹಾಕಿದೆವು, ಜಗಳ ತೆಗೆದಂತೆ ಕೇಳಿಸಿತು. "ಹಾಗೆ ನೋಡಿದರೆ" ಸ್ವಲ್ಪ ಹತ್ತಿರ ಬಂತು.

ಕೊನೆಗೆ ಕೊಂಡಿ ಸಿಕ್ಕಿದ್ದು ಹೆಸರಲ್ಲೇ. ಮೆಣಸಿನಕಾಯಿ ಅಂದರೆ ಮೆಣಸಿನ ಕಾಯಿ. ಈ ಕಾಯಿ ಬರುವ ಮುಂಚೆ ನಮ್ಮ ಅಡುಗೆಗೆ ಮುಖ್ಯವಾಗಿ ಕಾಳುಮೆಣಸಿನ ಖಾರ ಇತ್ತು. ಅದೇ ಖಾರ ಕೊಡುವ ಹೊಸ ಕಾಯಿಗೆ ಮೆಣಸಿನ ಹೆಸರೇ ಬಂತು. ಇದು ಗೊತ್ತಾದ ಮೇಲೆ ಪೋರ್ಚುಗೀಸರ ವಾಕ್ಯಕ್ಕೆ ಜಾಗ ಸಿಕ್ಕಿತು. ಅದು ಹೆಸರಿನ ಪ್ಯಾರಾಕ್ಕೆ ಸೇರಿದ್ದು. ಅದೇ ಪ್ಯಾರಾದ ಕೊನೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯ ಮಾತೂ ಬಂದು ಕೂತಿತು. 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿದ್ದೂ ಹೆಸರಿಗೇ ತಾನೆ? "ಹೊರಗಿನಿಂದ ಬಂದ ಕಾಯಿ ಈ ನೆಲದಲ್ಲಿ ಎಷ್ಟು ಬೇರೂರಿತೆಂದರೆ, 2011ರಲ್ಲಿ ಬ್ಯಾಡಗಿ ಎಂಬ ಹೆಸರಿಗೇ ಜಿಐ ಮಾನ್ಯತೆ ಸಿಕ್ಕಿತು." ಈ ವಾಕ್ಯ ಪೂರ್ತಿ ಹುಡುಗಿಯದು. "ಎಷ್ಟು... ಎಂದರೆ" ಅನ್ನೋ ಕೊಂಡಿ ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ.

ಪ್ಯಾರಾದಿಂದ ಪ್ಯಾರಾಕ್ಕೆ ದಾಟುವುದು ಕೊನೆಯ ಕೆಲಸ. ಆಕೆ ಪ್ರತಿ ಪ್ಯಾರಾವನ್ನೂ "ಅಲ್ಲದೆ" ಇಂದ ಶುರು ಮಾಡಿದ್ದಳು. "ಅಲ್ಲದೆ" ಅಂದರೆ ಇದೇ ಸಾಲಿನಲ್ಲಿ ಇನ್ನೊಂದು ಸೇರಿಸುತ್ತಿದ್ದೇನೆ ಅಂತ. ವಿಷಯ ತಿರುಗುವಾಗ ಅದು ಬರುವುದಿಲ್ಲ. ತಿರುವಿಗೆ ನಮ್ಮಲ್ಲಿ "ಇನ್ನು" ಇದೆ: "ಇನ್ನು ಖಾರದ ಮಾತು." ಒಂದು ಲೇಖನಕ್ಕೆ ಒಂದು, ಹೆಚ್ಚೆಂದರೆ ಎರಡು ಸಲ. ಉಳಿದ ಕಡೆ ಹಿಂದಿನ ಪ್ಯಾರಾದ ಕೊನೆಯಲ್ಲಿ ಬಂದ ಪದವನ್ನೇ ಹೊಸ ಪ್ಯಾರಾದ ಮೊದಲಲ್ಲಿ ಎತ್ತಿಕೊಂಡೆವು. ಒಂದು ಪ್ಯಾರಾ "ಬಣ್ಣ ಮಾಸುತ್ತದೆ" ಅಂತ ಮುಗಿದರೆ ಮುಂದಿನದು "ಮಾಸದಂತೆ ಉಳಿಸುವುದಕ್ಕೆ" ಅಂತ ಶುರು.

ಕತ್ತಲಾಗುವ ಹೊತ್ತಿಗೆ ಪೂರ್ತಿ ಓದಿಸಿದೆವು. 38 ಇದ್ದ ವಾಕ್ಯ 33 ಆಗಿತ್ತು. ಕೆಲವು ಸೇರಿಕೊಂಡಿದ್ದವು, ಕೆಲವು ಹೊಸದಾಗಿ ಬಂದಿದ್ದವು. ಬಿಡಿಯಾಗಿ ನಿಲ್ಲುವ ಕೊಂಡಿ ಪದಗಳು 31 ಇದ್ದದ್ದು 11 ಆಗಿದ್ದವು. "ಮತ್ತು" ಒಂದೇ ಒಂದು. ಅವ್ವ ಎರಡು ಕಡೆ "ಯಾಕ?" ಅಂದಳು. ಎರಡೂ ಕಡೆ ಮುಂದಿನ ವಾಕ್ಯವೇ ಉತ್ತರ ಕೊಟ್ಟಿತು. ಸುಮ್ಮನಾಗಿದ್ದು ಎಲ್ಲೂ ಇಲ್ಲ. ಓದಿ ಮುಗಿಸಿದಾಗ ಬುಟ್ಟಿಯೂ ಖಾಲಿಯಾಗಿತ್ತು. ಅವ್ವ ಕೈ ಝಾಡಿಸಿ ಎದ್ದಳು, ಘಾಟಿಗೆ ಮೂವರೂ ಸೀನಿದೆವು.

ಬುಧವಾರ ಲೇಖನ ಕೊಡಬೇಕಿತ್ತು. ಮಂಗಳವಾರ ರಾತ್ರಿ ಫೋನ್ ಬಂತು.

"ಕಾಕಾ, ಕೊನೀ ಪ್ಯಾರಾದಾಗ ಒಂದು 'ಹೀಗಾಗಿ' ಉಳಿದಿತ್ತು. ಅದನ್ನ ಬಿಟ್ಟು ಅಮ್ಮನ ಮುಂದ ಇನ್ನೊಮ್ಮೆ ಓದಿದೆ. ಹೂಂ ಅಂದ್ಲು. ತಗದ್ಬಿಟ್ಟೆ." ನಮ್ಮ ಮನೆಯಲ್ಲಿ ಮೊಮ್ಮಕ್ಕಳಿಗೆ ಅಜ್ಜಿಯೇ ಅಮ್ಮ.

ವಹಿ ತೆಗೆದು 11 ಹೊಡೆದು 10 ಅಂತ ಬರೆದೆ.